ಹನ್ನೆರಡನೆಯ ತಗಡು

ಶಹಾಬಜಾರ, ಕಲಬುರಗಿ
27 ಜೂನ್ 2004

ಮಲ್ಕಪ್ಪ ಸರ್ ಅವರಿಗೆ ಪುತಳಾಬಾಯಿಯ ನಮಸ್ಕಾರಗಳು.

ಕಮಲಾಪುರದ ಹೈಸ್ಕೂಲಿನಲ್ಲಿ ನಿಮ್ಮ ವಿಜ್ಞಾನದ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು ನಾನೇ, ಮರೆತಿರಲಾರಿರಿ. ಹಾಸ್ಟೆಲಿನ ಊಟ ಸೇರದ ದಿನಗಳಲ್ಲಿ ನಿಮ್ಮ ಮನೆಗೆ ಬಂದು ಮಾಳಮ್ಮ ಅವ್ವನ ಕೈಯ ರೊಟ್ಟಿ ತಿಂದೇ ಎಸ್ಸೆಸ್ಸೆಲ್ಸಿ ಮುಗಿಸಿದೆ. ಕೆಲಸ ಬಿದ್ದಾಗ ನೆನಪಾಯಿತೇ ಎಂದು ಬೈಯುವುದಾದರೆ ಬೈಯಿರಿ, ಆದರೆ ಕೆಲಸ ಮಾಡಿಕೊಡಿ.

ನಾನಿಲ್ಲಿ ಪಿಎಚ್‌.ಡಿ. ಮಾಡುತ್ತಿರುವುದು ತುಕ್ಕು ತಡೆಯುವುದರ ಮೇಲೆ. ಕಬ್ಬಿಣದ ತಗಡಿನ ಮೇಲೆ ತೆಳುವಾದ ಕಪ್ಪು ಲೇಪವೊಂದನ್ನು ಕೂರಿಸುತ್ತೇನೆ. ಅದು ಪ್ಲಾಸ್ಟಿಕ್ಕಿನ ಜಾತಿಯದೇ, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಬ್ರಷ್ಷಿನಿಂದ ಬಳಿಯುವುದಲ್ಲ, ತಗಡನ್ನು ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಕೊಟ್ಟರೆ ಲೇಪ ತಾನಾಗಿಯೇ ಬೆಳೆಯುತ್ತದೆ. ಎಲ್ಲರೂ ಇದನ್ನು ನೀರಿನ ದ್ರಾವಣದಲ್ಲಿ ಮಾಡುತ್ತಾರೆ. ನೀರಿನಲ್ಲಿ ಲೇಪ ಕೂರುವ ಮೊದಲೇ ಕಬ್ಬಿಣ ಕರಗತೊಡಗುತ್ತದೆ, ಹಾಗಾಗಿ ಹಿಡಿತ ಸಡಿಲ. ನಾನು ಅಯಾನಿಕ ದ್ರವ ಎನ್ನುವುದರಲ್ಲಿ ಮಾಡುತ್ತಿದ್ದೇನೆ. ಅದು ಉಪ್ಪೇ, ಆದರೆ ಹರಳಾಗಿರದೆ ಎಣ್ಣೆಯ ಹಾಗೆ ಹರಿಯುವ ಉಪ್ಪು. ಅದರಲ್ಲಿ ನೀರೇ ಇರುವುದಿಲ್ಲ. ಹೈದರಾಬಾದಿನ ಗೆಳತಿಯೊಬ್ಬಳು ಒಂದು ಸಣ್ಣ ಸೀಸೆ ಕೊಟ್ಟಿದ್ದಳು. ಅಂಥದ್ದನ್ನು ಇನ್ನೊಂದು ಕೊಳ್ಳುವ ಶಕ್ತಿ ನನಗೂ ಇಲ್ಲ, ನಮ್ಮ ವಿಭಾಗಕ್ಕೂ ಇಲ್ಲ.

ಈಗ ಈ ತಗಡುಗಳು ಬಯಲಿನಲ್ಲಿ ಮಳೆ, ಬಿಸಿಲು, ಇಬ್ಬನಿ ಎಲ್ಲಕ್ಕೂ ಮೈಯೊಡ್ಡಿ ಆರು ತಿಂಗಳು ತೂಗಬೇಕು. ಮೊದಲ ಕಂತನ್ನು ನಮ್ಮ ವಿಭಾಗದ ಛತ್ತಿನ ಮೇಲೆ ಕಟ್ಟಿದ್ದೆ. ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರು ಬಿಚ್ಚಿ ತಂದು ಅಲ್ಲಾಡುವ ಕೂಲರಿನ ಕಾಲಿನ ಕೆಳಗೆ ಇಟ್ಟಿದ್ದಾರೆ. ಎಂಟು ತಿಂಗಳ ಕೆಲಸ, ಸರ್! ಕೇಳಿದರೆ, "ಕಬ್ಬಣದ ತುಂಡಿಗಿ ಇಷ್ಟ್ಯಾಕ ಒದರಾಡ್ತೀರಿ ಮೇಡಂ?" ಎಂದರು. ಹೀಗಾಗಿ ಜಗತ್ತಿನಲ್ಲಿ ಇಟ್ಟ ವಸ್ತು ಇಟ್ಟ ಜಾಗದಲ್ಲೇ ಇರುವ ಒಂದೇ ಮನೆ ಯಾವುದು ಎಂದು ಯೋಚಿಸಿದಾಗ ನಿಮ್ಮ ಮನೆ ಹೊಳೆಯಿತು.

ನಿಮ್ಮೂರ ಬಸ್ಸಿನ ಕರೀಂಸಾಬ್ ಕಂಡಕ್ಟರರ ಕೈಯಲ್ಲಿ ಹನ್ನೆರಡು ತಗಡು ಕಳಿಸುತ್ತಿದ್ದೇನೆ. ಇಸ್ಪೀಟಿನ ಎಲೆಯಷ್ಟು ದೊಡ್ಡವು, ಮೇಲೆ ಸಂಖ್ಯೆ ಒತ್ತಿದೆ. ಒಂದರಿಂದ ನಾಲ್ಕು ಬರಿ ಕಬ್ಬಿಣ. ಉಳಿದ ಎಂಟೂ ಕಪ್ಪು. ಅವುಗಳಲ್ಲಿ ಯಾವುದು ನೀರಿನದು, ಯಾವುದು ಅಯಾನಿಕ ದ್ರವದ್ದು ಎಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ನಿಮ್ಮ ಕಣ್ಣು ನನ್ನ ಪಕ್ಷ ವಹಿಸೀತು. ಅಂಗಳದಲ್ಲಿ ತಂತಿಗೆ ಕಟ್ಟಿ, ಪ್ರತಿ ಭಾನುವಾರ ಎಷ್ಟು ಭಾಗ ತುಕ್ಕು ಹಿಡಿದಿದೆ ಎಂದು ಬರೆದಿಡಿ. ಮುಟ್ಟಬಾರದು, ಒರೆಸಬಾರದು, ನೆರಳು ಮಾಡಬಾರದು. ಮಾರ್ಚ್ 31ಕ್ಕೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ಆಮೇಲೆ ಐದು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಪುತಳಾಬಾಯಿ

---

ಕಮಲಾಪುರ
5 ಜುಲೈ 2004

ಚಿ. ಪುತಳಾಬಾಯಿಗೆ ಆಶೀರ್ವಾದಗಳು.

ಪತ್ರ ಮುಟ್ಟಿತು. ತಗಡುಗಳೂ ಮುಟ್ಟಿದವು, ಆದರೆ ಮುಟ್ಟಿದ ಸ್ಥಿತಿ ನೋಡಿ ಮೈಯೆಲ್ಲ ಉರಿಯಿತು. ಹನ್ನೆರಡರ ಮೇಲೂ ಉದ್ದಕ್ಕೆ ಗೀರು ಬಿದ್ದಿವೆ! ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆಯೇ ಕರೀಂಸಾಬನನ್ನು ತರಾಟೆಗೆ ತೆಗೆದುಕೊಂಡೆ. "ಸಾಹೇಬ್ರ, ಅಲ್ಲಾನ ಆಣಿ, ಪುತಳಾಬಾಯಿ ಮಾಂಸಾಬ್ ಕಟ್ಟಿ ಕೊಟ್ಟ ಗಂಟ ನಾ ಬಿಚ್ಚೇ ಇಲ್ರೀ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ನಂಬಲಿಲ್ಲ. ಇಂಥ ಬೇಜವಾಬ್ದಾರಿ ಜನರನ್ನು ನಂಬಿ ವಿಜ್ಞಾನ ಮಾಡುವುದು ಹೇಗೆ?

ಆದರೂ ನಿನ್ನೆ ಭಾನುವಾರ ಬೆಳಿಗ್ಗೆ ಏಳಕ್ಕೆ ತಂತಿಗೆ ಕಟ್ಟಿದ್ದೇನೆ. ನಿವೃತ್ತನಾದ ಮೇಲೆ ಕೈಗೊಂದು ಕೆಲಸವಿಲ್ಲದೆ ಕೂತಿದ್ದೆ. ಹೊಸ ನೂರು ಪುಟದ ರಿಜಿಸ್ಟರ್ ತಂದು ಗೆರೆ ಹಾಕಿದ್ದೇನೆ.

ನಿನ್ನ ಮಾಳಮ್ಮ ಅವ್ವ ಅಂಗಳಕ್ಕೆ ಬಂದು ನೋಡಿ, "ಮನಿ ಮುಂದ ಕರಿ ಕಬ್ಬಣ ತೂಗ ಹಾಕೀರಲ್ಲ, ನೋಡಿದ ಮಂದಿ ಯಾರಿಗಿ ಮಾಟ ಮಾಡ್ಯಾರಂತ ಕೇಳಾಂಗಿಲ್ಲೇನ್ರಿ?" ಎಂದಳು. ಪುತಳಾಬಾಯಿಯದು ಎಂದ ಮೇಲೆ ಒಪ್ಪಿದಳು. ನೀನು ಯಾವಾಗ ಬರುತ್ತಿ ಎಂದು ಕೇಳುತ್ತಾಳೆ. ಒಂದು ತಾಸಿನ ದಾರಿ.

ಮಲ್ಕಪ್ಪ

---

ಶಹಾಬಜಾರ, ಕಲಬುರಗಿ
12 ಜುಲೈ 2004

ಸರ್,

ಅಯ್ಯೋ ಸರ್! ಆ ಗೀರು ನಾನೇ ಹಾಕಿದ್ದು. ಉಕ್ಕಿನ ಮೊಳೆಯಿಂದ, ಅಡಿಪಟ್ಟಿ ಇಟ್ಟು, ಹನ್ನೆರಡಕ್ಕೂ ಒಂದೇ ಆಳಕ್ಕೆ. ಗೀರು ಬಿದ್ದ ಕಡೆ ಲೇಪ ಕಬ್ಬಿಣವನ್ನು ಕಾಯುತ್ತದೆಯೋ ಇಲ್ಲವೋ ಎನ್ನುವುದೇ ಪರೀಕ್ಷೆ. ಕೇಳದೆ ಕರೀಂಸಾಬರನ್ನು ಯಾಕೆ ಬೈದಿರಿ? ಇನ್ನು ಅವರು ನನ್ನ ಗಂಟು ತೆಗೆದುಕೊಂಡು ಹೋಗುತ್ತಾರೆಯೇ? ದಯವಿಟ್ಟು ಕ್ಷಮೆ ಕೇಳಿ.

ಹೇಳದೆ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನನ್ನ ತಲೆಯೇ ಕೆಟ್ಟು ಕೂತಿದೆ. ಮಳೆಗಾಲ ಶುರುವಾಯಿತು; ಈ ಅಯಾನಿಕ ದ್ರವ ಗಾಳಿಯ ತೇವವನ್ನು ಹಸಿದ ಕರುವಿನಂತೆ ಹೀರುತ್ತದೆ. ನೀರು ಸೇರಿತೋ, ಕೆಟ್ಟಿತು. ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಕೆಲಸ ಮಾಡುತ್ತೇನೆ. ಲೇಪ ಅರ್ಧ ಬೆಳೆದಾಗ ಕರೆಂಟ್ ಹೋಗುತ್ತದೆ. ನಿನ್ನೆ ಮೂರು ಸಲ ಹೋಯಿತು. ಮನೆಗೆ ಬಂದು ಅಳುತ್ತಾ ಕೂತಿದ್ದಾಗ ಮನೆ ಮಾಲಕಿ ನೂರಜಹಾನ್ ಚಾಚಿ ಚಹಾ ತಂದಿಟ್ಟು, "ಅರೆ ಬೇಟಿ, ಲೋಹೆಕು ಜಂಗ್ ಲಗ್ತಾಚ್, ಕಬ್ಬಣಕ್ಕ ತುಕ್ಕು ಹಿಡಿಯೂದೇ. ಅಲ್ಲಾ ಮಾಡಿದ್ದಕ್ಕ ನೀ ಯಾಕ ಅಡ್ಡ ನಿಂದರ್ತಿ?" ಎಂದರು.

ಬರಲು ಆಗುವುದಿಲ್ಲ ಸರ್. ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸ, ಮಧ್ಯಾಹ್ನದಿಂದ ಲ್ಯಾಬು. ಅಲ್ಲದೆ ಊರು ಬಿಡುವಾಗ ಅವ್ವನಿಗೆ ಒಂದು ಮಾತು ಹೇಳಿ ಬಂದಿದ್ದೇನೆ, ಅವರಿಗೆ ನೆನಪಿರುತ್ತದೆ.

ಪುತಳಾಬಾಯಿ

---

ಕಮಲಾಪುರ
22 ಆಗಸ್ಟ್ 2004

ಚಿ. ಪುತಳಾಬಾಯಿ,

ಕರೀಂಸಾಬನ ಕ್ಷಮೆ ಕೇಳಿದೆ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನಿಗೆ ಅದು ಸುಲಭವಲ್ಲ. "ಹೋಗ್ಲಿ ಬಿಡ್ರಿ" ಎಂದು ನಕ್ಕ. ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದೆ.

ಏಳು ವಾರದ ಲೆಕ್ಕ ಜೊತೆಗಿದೆ. ಸಾರಾಂಶ: 1ರಿಂದ 4 ಅರ್ಧಕ್ಕಿಂತ ಹೆಚ್ಚು ಕೆಂಪಾಗಿವೆ. 5ರಿಂದ 8 ಗೀರಿನ ಅಂಚಿನಲ್ಲಿ ಲೇಪ ಉಬ್ಬಿ, ಒಳಗಿಂದ ಕೆಂಪು ಇಣುಕುತ್ತಿದೆ. 9ರಿಂದ 12 ಹೇಗೆ ಕಟ್ಟಿದ್ದೆನೋ ಹಾಗೆಯೇ ಇವೆ. ನೀನು ಹೇಳದಿದ್ದರೂ ಯಾವುದು ಯಾವುದೆಂದು ನನಗೆ ತಿಳಿಯಿತು. ನಾನೂ ಒಂದಿಷ್ಟು ರಸಾಯನಶಾಸ್ತ್ರ ಓದಿದವನೇ.

ಮಾಳಮ್ಮನಿಗೆ ನಿನ್ನ ಮಾತು ನೆನಪಿದೆ. "ಇನ್ನೊಮ್ಮಿ ಬಂದ್ರ ಡಾಕ್ಟರಾಗೇ ಬರ್ತೀನಿ" ಎಂದು ಹೊಸ್ತಿಲ ಮೇಲೆ ನಿಂತು ಹೇಳಿದ್ದೆಯಂತೆ. "ಅಲ್ಲೀ ತನಕ ಉಪಾಸ ಇರ್ತಾಳೇನು? ಉಂಡು ಹೋಗಾಕ ಡಾಕ್ಟರ್ ಯಾಕಾಗಬೇಕು?" ಎನ್ನುತ್ತಾಳೆ.

ಮಲ್ಕಪ್ಪ

---

ಶಹಾಬಜಾರ, ಕಲಬುರಗಿ
6 ಸೆಪ್ಟೆಂಬರ್ 2004

ಸರ್,

ನಿಮ್ಮ ಪಟ್ಟಿ ನೋಡಿ ಲ್ಯಾಬಿನಲ್ಲೇ ಕೂಗಿಬಿಟ್ಟೆ. ನನ್ನ ಗೈಡ್ ಮಾತ್ರ ಕನ್ನಡಕ ಏರಿಸಿ, "ಏಳು ವಾರಕ್ಕೇ ಕುಣೀಬ್ಯಾಡ. ಆರು ತಿಂಗಳಾಗ್ಲಿ. ಆ ಮಾಸ್ತರು ಖರೇನೇ ನೋಡಿ ಬರೀತಾರೋ, ಕುಂತಲ್ಲೇ ಬರೀತಾರೋ?" ಎಂದರು. ನನಗೆ ಎಂಥ ಸಿಟ್ಟು ಬಂತೆಂದರೆ! ಅವರಿಗೆ ಒಂದು ಕಥೆ ಹೇಳಿದೆ. ಒಂಬತ್ತನೆಯ ತರಗತಿಯಲ್ಲಿ ಮೂರು ಪ್ರನಾಳದಲ್ಲಿ ಮೊಳೆ ಹಾಕಿ ತುಕ್ಕು ನೋಡುವ ಪ್ರಯೋಗ. ಮೊಳೆ ತುಕ್ಕು ಹಿಡಿಯುವ ಮೊದಲೇ ನಾನು ಪುಸ್ತಕ ನೋಡಿ ಫಲಿತಾಂಶ ಬರೆದಿದ್ದೆ. ನೀವು ಆ ಪುಟ ಹರಿದು, ಹೊರಗೆ ನಿಲ್ಲಿಸಿ, "ನೋಡದ್ದನ್ನ ಬರಿಯಾಂವ ಕಳ್ಳ. ನೋಡಿದ್ದನ್ನ ಮುಚ್ಚಾಂವ ಅವನಕಿಂತ ದೊಡ್ಡ ಕಳ್ಳ" ಎಂದಿರಿ. ಹದಿನೈದು ವರ್ಷವಾದರೂ ಆ ಮಾತು ಕಿವಿಯಲ್ಲಿದೆ. ಅಂಥವರ ಬಗ್ಗೆ ಅನುಮಾನವೇ ಎಂದು ಕೇಳಿದೆ.

ಜನವರಿ 12ಕ್ಕೆ ಕೊನೆಯ ಸೆಮಿನಾರು ಗೊತ್ತಾಗಿದೆ. ಅಂದು ಈ ತಗಡುಗಳೇ ನನ್ನ ಪರವಾಗಿ ಮಾತಾಡಬೇಕು.

ಪುತಳಾಬಾಯಿ

---

ಕಮಲಾಪುರ
24 ಅಕ್ಟೋಬರ್ 2004

ಚಿ. ಪುತಳಾಬಾಯಿ,

ಇದರೊಳಗೆ ನಾಲ್ಕು ಎಲೆ ಬನ್ನಿ ಇಟ್ಟಿದ್ದೇನೆ. ಬಂಗಾರದಂತಿರು. ಹಬ್ಬಕ್ಕೆ ಮಗಳನ್ನು ಕರೆತರಲು ಬೀದರಕ್ಕೆ ಹೋಗಿದ್ದೆ, ಗುರುವಾರ ಸಂಜೆ ಬಂದೆ.

ಈ ವಾರದ ಟಿಪ್ಪಣಿ: 1ರಿಂದ 11, ಹೊಸ ತುಕ್ಕು ಇಲ್ಲ. 12 ಕಾಣಿಸುತ್ತಿಲ್ಲ. ಗಾಳಿಗೆ ಬಿದ್ದಿರಬಹುದು ಎಂದು ಮಾಳಮ್ಮ ಹೇಳುತ್ತಾಳೆ. ಹುಡುಕುತ್ತಿದ್ದೇನೆ.

ಮಲ್ಕಪ್ಪ

---

ಶಹಾಬಜಾರ, ಕಲಬುರಗಿ
30 ಅಕ್ಟೋಬರ್ 2004

ಸರ್,

ಕಾಣಿಸುತ್ತಿಲ್ಲ ಎಂದರೆ ಏನರ್ಥ? ತಂತಿಗೆ ಕಟ್ಟಿದ ಕಬ್ಬಿಣವೇನು ಗಾಳಿಪಟವೇ? ಹನ್ನೊಂದು ಉಳಿದು ಅದೊಂದೇ ಹೇಗೆ ಹಾರುತ್ತದೆ? ಕಬ್ಬಿಣ ಇಟ್ಟ ಕಡೆ ಇರುವ ಒಂದೇ ಮನೆ ಎಂದು ಹುಡುಕಿ ಕಳಿಸಿದ್ದಕ್ಕೆ ಇದೇ ಫಲವೇ?

ಕ್ಷಮಿಸಿ. ಆದರೆ ನಾಲ್ಕರಲ್ಲಿ ಅದು ಅತ್ಯಂತ ಚೆನ್ನಾಗಿ ಬಂದದ್ದು. ಅಂದು ಪೂರ್ತಿ ಮೂರು ತಾಸು ಕರೆಂಟ್ ಹೋಗಿರಲಿಲ್ಲ. ಸೀಸೆಯಲ್ಲಿ ಉಳಿದಿದ್ದ ದ್ರವ ಕಳೆದ ವಾರ ತೇವ ಹಿಡಿದು ಕೆಟ್ಟಿತು. ಇನ್ನೊಂದು ತಗಡು ಮಾಡಲು ನನ್ನಲ್ಲಿ ಏನೂ ಇಲ್ಲ. ಉಳಿದ ಮೂರನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ.

ಬನ್ನಿಗೆ ವಂದನೆಗಳು. ಪತ್ರ ಇಷ್ಟು ಚಿಕ್ಕದೇಕೆ? ನನ್ನ ಮೇಲೆ ಬೇಸರವೇ? ಹಬ್ಬಕ್ಕೂ ಬರಲಿಲ್ಲವೆಂದೇ?

ಪುತಳಾಬಾಯಿ

---

ಕಮಲಾಪುರ
21 ನವೆಂಬರ್ 2004

ಚಿ. ಪುತಳಾಬಾಯಿ,

ಬೇಸರ ಏನೂ ಇಲ್ಲ. ನಾಲ್ಕು ವಾರದ ಟಿಪ್ಪಣಿ: 1ರಿಂದ 11, ಹೊಸ ತುಕ್ಕು ಇಲ್ಲ. 12 ಸಿಕ್ಕಿಲ್ಲ.

ನೀನು ಒಂದು ಸಲ ಬಂದು ಕಣ್ಣಾರೆ ನೋಡಿಕೊಂಡು ಹೋಗುವುದು ಒಳ್ಳೆಯದು.

ಮಲ್ಕಪ್ಪ

---

ಶಹಾಬಜಾರ, ಕಲಬುರಗಿ
28 ನವೆಂಬರ್ 2004

ಸರ್,

ಬರಲು ಸಮಯವಿಲ್ಲ ಎಂದು ಎಷ್ಟು ಸಲ ಬರೆಯಲಿ? ಪ್ರಬಂಧದ ಟೈಪಿಂಗ್ ಶುರುವಾಗಿದೆ. ಟೈಪ್ ಮಾಡುವವನು ನಾನು ಇಂಗ್ಲಿಷಿನಲ್ಲಿ ಬರೆದ ಪ್ರತಿ ಅಯಾನನ್ನೂ ತಿದ್ದಿ ಲಯನ್ ಮಾಡಿ ಕೂರಿಸುತ್ತಾನೆ, ನಾನು ತಲೆ ತಗ್ಗಿಸಿ ಪುನಃ ತಿದ್ದುತ್ತೇನೆ.

ಬರಿ ಕಬ್ಬಿಣಕ್ಕೂ ಹೊಸ ತುಕ್ಕಿಲ್ಲ ಎಂದಿದ್ದೀರಿ. ಚಳಿಗಾಲ, ಗಾಳಿ ಒಣಗಿದೆ, ಇರಬಹುದು. ನಿಮ್ಮ ಅಂಕಿಗಳನ್ನು ಹಾಗೆಯೇ ನಕ್ಷೆಗೆ ಹಾಕಿದ್ದೇನೆ. ಜನವರಿ 2ಕ್ಕೆ ಆರು ತಿಂಗಳು ತುಂಬುತ್ತದೆ. ಮರುದಿನವೇ ತಗಡುಗಳನ್ನು ಕರೀಂಸಾಬರ ಕೈಯಲ್ಲಿ ಕಳಿಸಿ.

ಪುತಳಾಬಾಯಿ

---

ಶಹಾಬಜಾರ, ಕಲಬುರಗಿ
7 ಜನವರಿ 2005

ಸರ್,

ಎಲ್ಲಿ ತಗಡುಗಳು? ಮೂರು, ನಾಲ್ಕು, ಐದು, ಆರು. ನಾಲ್ಕು ದಿನ ಬಸ್ ನಿಲ್ದಾಣದಲ್ಲಿ ನಿಂತು ಕಾದೆ. ಉರುಸು ಮುಗಿಯುವ ತನಕ ಕರೀಂಸಾಬರಿಗೆ ರೋಜಾದ ದರ್ಗಾ ಕಡೆ ಡ್ಯೂಟಿ ಇತ್ತು, ಹಾಗಾಗಿ ತಡವಾಗಿರಬೇಕು ಎಂದುಕೊಂಡೆ. ನಿನ್ನೆ ಅವರೇ ಸಿಕ್ಕರು. "ಮಾಸ್ತರು ನನ್ನ ಕೈಯಾಗ ಏನೂ ಕೊಟ್ಟಿಲ್ರೀ. ಬಸ್ಸ್ಟ್ಯಾಂಡಿಗಿ ಬಂದಿದ್ರು, ಹಂಗೇ ನಿಂತು ಹೊಳ್ಳಿ ಹೋದ್ರು" ಎಂದರು. ಏನಿದು? ಬುಧವಾರ ಸೆಮಿನಾರು. ತಗಡು ಬರದಿದ್ದರೂ ನಾನು ನಿಮ್ಮ ರಿಜಿಸ್ಟರಿನ ಅಂಕಿಗಳ ಮೇಲೆಯೇ ನಿಲ್ಲುತ್ತೇನೆ. ಬೇರೆ ದಾರಿ ಇಲ್ಲ.

ಪುತಳಾಬಾಯಿ

---

ಕಮಲಾಪುರ
10 ಜನವರಿ 2005

ಪುತಳಾಬಾಯಿ,

ನಿನ್ನ ಪತ್ರ ಈಗ ತಾನೇ ಕೈಸೇರಿತು. ಎದುರು ಬಂದು ಹೇಳುವ ಧೈರ್ಯವಿಲ್ಲ, ಕರೀಂಸಾಬನಿಗೆ ಇಂದು ರಜೆ. ಈ ಪತ್ರ ಬುಧವಾರದ ಮೊದಲೇ ನಿನಗೆ ಮುಟ್ಟಲಿ ಎಂದು ಅಂಚೆಯವನ ಕೈಗೇ ಕೊಡುತ್ತಿದ್ದೇನೆ. ಆ ಅಂಕಿಗಳನ್ನು ಸಭೆಯಲ್ಲಿ ಇಡಬೇಡ.

ಅಕ್ಟೋಬರ್ 21, ಗುರುವಾರ. ಅಂದು ಖಂಡೇ ಪೂಜೆ. ನಮ್ಮಲ್ಲಿ ಅಂದು ಮನೆಯ ಕುಡಗೋಲು, ಕೊಡಲಿ, ಈಳಿಗೆ, ಪಂಪಿನ ಪಾನಾ ಎಲ್ಲವನ್ನೂ ತಿಕ್ಕಿ ಬೆಳಗಿ, ಎಣ್ಣೆ ಹಚ್ಚಿ ಪೂಜೆಗೆ ಇಡುವುದು ನಿನಗೆ ಗೊತ್ತೇ ಇದೆ. ತುಕ್ಕು ಹಿಡಿದ ಕಬ್ಬಿಣವನ್ನು ದೇವರ ಮುಂದೆ ಇಡುವಂತಿಲ್ಲ. ಪೂಜೆಯಿಲ್ಲದೆ ಬಿಟ್ಟರೆ ಆ ಕಬ್ಬಿಣ ಮನೆಗೆ ಮುನಿಯುತ್ತದೆ ಎಂದು ನಂಬಿಕೆ. ನಾನು ಬೀದರದಲ್ಲಿದ್ದೆ. ಸಂಜೆ ಬಂದು ನೋಡಿದರೆ ನಿನ್ನ ತಗಡುಗಳು ದೇವರ ಮುಂದೆ ಕುಡಗೋಲಿನ ಪಕ್ಕ ಸಾಲಾಗಿ ಕೂತಿದ್ದವು, ಮೈತುಂಬ ಕುಸುಬೆ ಎಣ್ಣೆ, ವಿಭೂತಿ, ಕುಂಕುಮ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದಳು. ಒಂದರಿಂದ ಎಂಟು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. 9, 10, 11ರ ಕಪ್ಪು ಹೋಗಿರಲಿಲ್ಲ, ಅವಕ್ಕೂ ಎಣ್ಣೆ ಹಚ್ಚಿದ್ದಳು. 12 ಇರಲಿಲ್ಲ.

ನಾನು ಕೂಗಾಡಿದೆ. ಅವಳು, "ನಮ್ಮ ಹುಡಗಿ ಕಬ್ಬಣ ಅದ, ಪೂಜಾ ಇಲ್ಲದ ಹೆಂಗ ಬಿಡ್ಲಿ? ಆಕಿಗಿ ಒಳ್ಳೇದಾಗ್ಲಂತ ಮೊದಲ ಆಕಿವೇ ತಿಕ್ಕೀನಿ" ಎಂದು ಅತ್ತಳು. ಎಲ್ಲವನ್ನೂ ತಂದು ತಂತಿಗೆ ಕಟ್ಟಿದೆ.

ಆಮೇಲಿಂದ ನಾನು ಬರೆದದ್ದರಲ್ಲಿ ಸುಳ್ಳಿಲ್ಲ. ಹೊಸ ತುಕ್ಕು ಇಲ್ಲ ಎಂದು ಬರೆದೆ. ಎಣ್ಣೆ ಹಚ್ಚಿದ ಕಬ್ಬಿಣಕ್ಕೆ ಎಲ್ಲಿಂದ ಬರಬೇಕು? ಪ್ರತಿ ಭಾನುವಾರ ಆ ಮೂರು ಪದ ಬರೆದು ಪೆನ್ನು ಮುಚ್ಚುವಾಗ ನೀನು ಸೆಪ್ಟೆಂಬರಿನಲ್ಲಿ ಬರೆದ ಕಥೆ ನೆನಪಾಗುತ್ತಿತ್ತು. ನೋಡಿದ್ದನ್ನು ಮುಚ್ಚುವವನು ದೊಡ್ಡ ಕಳ್ಳ. ಅಂದು ನಿನ್ನ ಪುಟ ಹರಿದವನು ನಾನು. ನನ್ನ ಪುಟ ಹರಿಯುವವರು ಯಾರೂ ಇರಲಿಲ್ಲ, ಅದಕ್ಕೇ ಧೈರ್ಯ ಬಂತು. ನೀನು ಬಂದು ಕಣ್ಣಾರೆ ನೋಡಿದರೆ ನನ್ನ ಬಾಯಿಂದ ಹೇಳುವುದು ತಪ್ಪುತ್ತದೆ ಎಂದು ಕರೆದೆ. ನೀನು ಬರಲಿಲ್ಲ. ಬಸ್ ನಿಲ್ದಾಣಕ್ಕೆ ಮೂರು ಸಲ ಹೋದೆ. ಗಂಟು ಕರೀಂಸಾಬನಿಗೆ ಕೊಡಲು ಕೈ ಬರಲಿಲ್ಲ.

ರಿಜಿಸ್ಟರಿನ ಆ ಹನ್ನೊಂದು ವಾರದ ಪುಟಗಳ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ.

ಮಲ್ಕಪ್ಪ

---

ಶಹಾಬಜಾರ, ಕಲಬುರಗಿ
9 ಫೆಬ್ರವರಿ 2005

ಮಲ್ಕಪ್ಪ ಸರ್,

ನಿಮ್ಮ ಪತ್ರ ಗುರುವಾರ ಬಂತು. ಸೆಮಿನಾರು ಬುಧವಾರ ಆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಒಂದೇ ಒಂದು ದಿನ ತಡ, ಸರ್.

ನಾಲ್ಕು ವಾರ ಬರೆಯದೆ ಇದ್ದದ್ದು ಬರೆಯಲು ಕೂತರೆ ಬರಿ ಬೈಗುಳ ಬರುತ್ತಿತ್ತು ಎಂದು. ಮೂರು ಕಾಗದ ಹರಿದೆ. ನಿಮ್ಮ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಹುಣಸೆಹಣ್ಣಿನ ಮೇಲೂ ಸಿಟ್ಟು. ಅಕ್ಟೋಬರಿನಲ್ಲೇ ಒಂದು ಸಾಲು ಬರೆದಿದ್ದರೆ ನಾನು ಆ ಹದಿನೈದು ವಾರದ ಅಂಕಿಗಳನ್ನೇ ಇಟ್ಟು ಗೌರವದಿಂದ ನಿಲ್ಲುತ್ತಿದ್ದೆ. ಮುಚ್ಚಿಟ್ಟು ನನ್ನನ್ನು ಸಭೆಯ ನಡುವೆ ನಿಲ್ಲಿಸಿದಿರಿ.

ಇಷ್ಟು ಬರೆದ ಮೇಲೆ ನನ್ನದನ್ನೂ ಬರೆಯಬೇಕು. ನನಗೆ ನವೆಂಬರಿನಲ್ಲೇ ಅನುಮಾನ ಬಂದಿತ್ತು. ಬರಿ ಕಬ್ಬಿಣ ಇಬ್ಬನಿಯಲ್ಲಿ ಒಂದು ತಿಂಗಳು ತೂಗಿ ಹೊಸ ತುಕ್ಕಿಲ್ಲ ಎಂದರೆ ಎಂಟನೆಯ ತರಗತಿಯ ಮಕ್ಕಳೂ ನಂಬುವುದಿಲ್ಲ. ನಾನು ನಂಬಿದೆ. ಕೇಳಿದರೆ ನೀವು ಏನು ಹೇಳುತ್ತೀರೋ ಎಂದು ಹೆದರಿ ಚಳಿಗಾಲದ ನೆಪ ಹೇಳಿಕೊಂಡೆ. ಬಸ್ಸಿನಲ್ಲಿ ಒಂದು ತಾಸು. ಸಮಯ ಇರಲಿಲ್ಲವೆಂದಲ್ಲ, ಬಂದರೆ ಕಾಣುತ್ತಿತ್ತು ಎಂದೇ ಬರಲಿಲ್ಲ. ನೀವು ಮುಚ್ಚಿದಿರಿ, ನಾನು ಕಣ್ಣು ಮುಚ್ಚಿದೆ. ಯಾರು ಸಣ್ಣ ಕಳ್ಳ, ಯಾರು ದೊಡ್ಡ ಕಳ್ಳ ಎಂದು ನೀವೇ ಹೇಳಿ.

ಶುಕ್ರವಾರ ಹೋಗಿ ಗೈಡಿಗೆ ಎಲ್ಲ ಹೇಳಿದೆ. ಅಂಕಿಗಳನ್ನು ಹಿಂದೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ಖಂಡೇ ಪೂಜೆಯ ಭಾಗ ಬಂದಾಗ ಅವರು ನಗಬಾರದೆಂದು ಬಹಳ ಕಷ್ಟಪಟ್ಟರು. ಆಮೇಲೆ ನಗಲಿಲ್ಲ. "ಚಪ್ಪಾಳಿ ಹೊಡಿಸಿಕೊಂಡು ಎರಡೇ ದಿನಕ್ಕ ಬಂದು ಹಿಂಗಂತೀಯಲ್ಲ, ನನ್ನ ಮರ್ಯಾದಿ ಏನಾತು?" ಎಂದು ಮೇಜು ಗುದ್ದಿದರು. ಒಂದು ವರ್ಷ ಅವಧಿ ಹೆಚ್ಚಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಮಾರ್ಚ್ 21ಕ್ಕೆ ಸಮಿತಿ ಕೂರುತ್ತದೆ. ಮುಂದುವರಿಸಲು ಯೋಗ್ಯವಾದ ಕೆಲಸ ಎಂದು ತೋರಿಸಲು ಎಣ್ಣೆ ಮುಟ್ಟದ ಒಂದಾದರೂ ತಗಡು ತಾ ಎಂದಿದ್ದಾರೆ. ಎಣ್ಣೆ ಮುಟ್ಟದ್ದು ಇದ್ದರೆ ಅದು ಹನ್ನೆರಡನೆಯದು. ಅದನ್ನು ನಿಮ್ಮ ಊರಿನ ಗಾಳಿ ಹೊತ್ತುಕೊಂಡು ಹೋಗಿದೆ.

ಅವ್ವನಿಗೆ ಬೈಯಬೇಡಿ. ನನಗೆ ಒಳ್ಳೆಯದಾಗಲಿ ಎಂದು ತಿಕ್ಕಿದವರು ಇಡೀ ಜಗತ್ತಿನಲ್ಲಿ ಅವರೊಬ್ಬರೇ.

ಪುತಳಾಬಾಯಿ

---

ಕಮಲಾಪುರ
20 ಫೆಬ್ರವರಿ 2005

ಚಿ. ಪುತಳಾಬಾಯಿ, ನಿನ್ನ ಪತ್ರವನ್ನು ಮಾಳಮ್ಮನಿಗೆ ಓದಿ ಹೇಳಿದೆ. ಈಗ ಬಂದು ಕೂತು, ನಾನು ಹೇಳಿದ ಹಾಗೇ ಬರೆಯಿರಿ, ನಿಮ್ಮ ಮಾತು ಸೇರಿಸಬೇಡಿ ಎಂದಿದ್ದಾಳೆ. ಬರೆಯುತ್ತಿದ್ದೇನೆ. ಮಲ್ಕಪ್ಪ.

ಪುತಳಾ, ನಾ ಮಾಳಮ್ಮ ಹೇಳಾಕತ್ತೀನಿ. ಛಂದ ಇದ್ದಿಯೇನು? ಹೊತ್ತಿಗಿ ಸರಿಯಾಗಿ ಉಣ್ಣು.

ನಿಮ್ಮ ಮಾಸ್ತರು ಎಲ್ಲಾ ತಪ್ಪು ತಮ್ಮ ಮ್ಯಾಲೇ ಹಾಕ್ಕೊಂಡು ಕುಂತಾರ. ಉಣವಲ್ರು. ಅದಕ್ಕ ಈಗ ಖರೇ ಹೇಳ್ತೀನಿ. ಆ ಹನ್ನೆರಡನೇದು ಗಾಳಿಗಿ ಹಾರಿಲ್ಲ. ನಾನೇ ತಗೊಂಡೀನಿ.

ಹಬ್ಬದ ದಿನ ಮೊದಲ ಅದನ್ನೇ ಹಿಡದೆ. ಹುಣಸಿಹಣ್ಣ ಹಚ್ಚಿದೆ, ಬೂದಿ ಹಚ್ಚಿದೆ, ಇಟ್ಟಂಗಿ ಪುಡಿ ಹಾಕಿದೆ, ಕಡೀಕ ಕಲ್ಲಿಗಿ ಹಾಕಿ ತಿಕ್ಕಿದೆ. ನನ್ನ ರಟ್ಟಿ ಬಿದ್ದು ಹೋತು, ಅದರ ಕರಿ ಹೋಗವಲ್ದು. ಆ ನಾಕೂ ಹಂಗೇ. ಹಿಂದಿನ ನಾಕರದು ಮಾತ್ರ ಕೈ ಹಚ್ಚಿದ ಕೂಡ್ಲೇ ಸಿಪ್ಪಿ ಸುಲದಂಗ ಬಂತು. ಇದು ಹಟಮಾರಿ, ಥೇಟ್ ನಿನ್ನಂಗೇ. ಇಷ್ಟು ಕರಿ ಇದ್ದದ್ದು ದೇವರ ಮುಂದ ಹೆಂಗ ಇಡಬೇಕು? ಸಿಟ್ಟು ಬಂತು. ಬಚ್ಚಲದ ಕಟ್ಟಿ ಮ್ಯಾಲಿನ ನೀರಿನ ಹರವಿ ಭಾಳ ದಿವಸದಿಂದ ಅಲ್ಲಾಡತಿತ್ತು. ಅದರ ಬುಡಕ ಇಟ್ಟೆ. ಹರವಿ ಗಟ್ಟಿ ನಿಂತದ.

ಅವ್ರು ಹುಡುಕಾಡಿದಾಗ ಹೇಳಬೇಕಂದೆ. ಅಷ್ಟು ಒದರಾಡಿದ್ರಲ್ಲ, ಬಾಯಿ ಬರಲಿಲ್ಲ. ಆಮ್ಯಾಲ ದಿನಾ ಹೇಳ್ತೀನಿ ಹೇಳ್ತೀನಿ ಅಂತ ಹಂಗೇ ಉಳೀತು. ನಾವು ಗಂಡ ಹೆಂಡ್ತಿ ಒಂದೇ ಮನ್ಯಾಗ ಒಬ್ಬರಿಗೊಬ್ಬರು ಮುಚ್ಚಿಟ್ಟು ಕುಂತೀವಿ ನೋಡು.

ನಿನ್ನೆ ಕೈ ಹಾಕಿ ತಡವಿ ನೋಡಿದೆ. ಅಲ್ಲೇ ಅದ. ಹಗಲೂ ರಾತ್ರಿ ನೀರು ಜಿನಗತದ, ಕಟ್ಟಿ ತುಂಬ ಪಾಚಿ ಹಿಡದದ. ಮೊದಲ ಅಲ್ಲೇ ಒಂದು ಕುಡಗೋಲಿನ ತುಂಡು ಇಟ್ಟಿದ್ದೆ, ಎಂಟು ದಿನಕ್ಕ ಕಲ್ಲೆಲ್ಲ ಕೆಂಪಾಗಿತ್ತು, ಆ ಕಲಿ ಇನ್ನೂ ಹೋಗಿಲ್ಲ. ಇದರ ಬುಡಕ ಏನೂ ಕೆಂಪಿಲ್ಲ. ನೀ ಕೊರದ ಗೀರು ಬೆರಳಿಗಿ ಹತ್ತತದ, ಬಗ್ಗಿ ನೋಡಿದ್ರ ಅದೂ ಕರಿನೇ ಅದ.

ಶುಕ್ರವಾರ ಕರೀಂಸಾಬ್ ಒಯ್ತಾನಂತ. ಅಷ್ಟರಾಗ ಅದನ್ನ ತಗದು, ಪಾಚಿ ಹೋಗಂಗ ಸ್ವಚ್ಛ ತಿಕ್ಕಿ ತೊಳದು, ಛಂದ ಎಣ್ಣಿ ಹಚ್ಚಿ ಕಳಸ್ತೀನಿ. ಈ ಸಲ ನಿಮ್ಮ ಸರ್ ಮುಂದ ಹೊಲಸು ಕಾಣಬಾರ್ದು.

ಮಾಳಮ್ಮ

---

ಬಸ್ ನಿಲ್ದಾಣ, ಕಲಬುರಗಿ
23 ಫೆಬ್ರವರಿ 2005, ಬುಧವಾರ, ಮಧ್ಯಾಹ್ನ 12.40
ಕರೀಂಸಾಬರ ಕೈಯಲ್ಲಿ

ಸರ್,

ಪತ್ರ ಈಗ ತಾನೇ ಸಿಕ್ಕಿತು, ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದೆ. ಈ ಚೀಟಿ ಕೈಗೆ ಬಂದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲಲ್ಲಿ ನಿಲ್ಲಿ. ತಿಕ್ಕಬೇಡಿ. ತೊಳೆಯಬೇಡಿ. ಎಣ್ಣೆಯ ಸೀಸೆಯನ್ನು ಬೀಗ ಹಾಕಿಡಿ. ಪಾಚಿಯನ್ನೂ ಮುಟ್ಟಬೇಡಿ. ಕುಡಗೋಲಿನ ಕೆಂಪು ಕಲೆ ಇದ್ದ ಕಲ್ಲೂ ನನಗೆ ಬೇಕು.

ಕೂಲರಿನ ಕಾಲಿಗೆ ಹೆದರಿ ನಿಮ್ಮ ಮನೆಗೆ ಕಳಿಸಿದೆ, ಹೋಗಿ ಹರವಿಯ ಬುಡ ಸೇರಿತು. ಯಾರಿಗೆ ಹೇಳಲಿ ಇದನ್ನು! ಒಂದೇ ತಗಡು ಸಾಕ್ಷಿಯಾಗುವುದಿಲ್ಲ ಎಂದು ಗೈಡ್ ಖಂಡಿತ ಹೇಳುತ್ತಾರೆ. ಹೇಳಲಿ. ಹುಣಸೆಹಣ್ಣಿನಿಂದ ಹಿಡಿದು ಹರವಿಯ ತನಕ ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆದುಕೊಂಡು ಸಮಿತಿಯ ಮುಂದೆ ಇಡುತ್ತೇನೆ. ನೀವು ನೋಡಿದ್ದನ್ನು ನೀವು ಹೇಳಿ, ಅವ್ವ ತಿಕ್ಕಿದ್ದನ್ನು ಅವ್ವ ಹೇಳಲಿ. ರಿಜಿಸ್ಟರಿನಲ್ಲಿ ಹೊಸ ಪುಟಕ್ಕೆ ಗೆರೆ ಹಾಕಿಡಿ, ಊಟ ಮಾಡಿ.

ಎರಡಕ್ಕೆ ಲ್ಯಾಬಿನಲ್ಲಿ ಕೆಲಸವಿದೆ. ಮುಗಿಸಿ ಐದರ ಬಸ್ಸಿಗೆ ಬರುತ್ತೇನೆ. ಹರವಿ ಎತ್ತುವಾಗ ನಾನು ಅಲ್ಲಿರಬೇಕು.

ಅವ್ವನಿಗೆ ಹೇಳಿ: ಡಾಕ್ಟರಾಗದೇ ಬರುತ್ತಿದ್ದೇನೆ, ನನ್ನ ಪಾಲಿನ ರೊಟ್ಟಿ ಬಡಿಯಲಿ.

ಪುತಳಾ